ಭಾವನ ದೋಣಿಯೂ ಮಿಂಗೇಲನ ಉಸಿರೂ

ನನಗೆ ಸ್ಯಾಕ್ಸೋಫೋನಿನ ಮೇಲೆ ಪ್ರೀತಿ ಹುಟ್ಟಿದ್ದು ಹಲ್ಲಿನ ಡಾಕ್ಟರರ ಕುರ್ಚಿಯಲ್ಲಿ. ದೊಡ್ಡವರಿಗೆಲ್ಲ ಸಂಗೀತದ ಪ್ರೀತಿ ತಾಯಿಯ ಜೋಗುಳದಲ್ಲೋ ಗುಡಿಯ ಭಜನೆಯಲ್ಲೋ ಹುಟ್ಟುತ್ತದಂತೆ. ನನಗೆ ದವಡೆಯ ಕೊನೆಯ ಹಲ್ಲು ಕೀಳಿಸಿಕೊಳ್ಳುವಾಗ ಹುಟ್ಟಿತು. ಕಾರವಾರದಲ್ಲಿ ಆಗಷ್ಟೇ ತೆರೆದಿದ್ದ ಆ ದವಾಖಾನೆಯಲ್ಲಿ ಎಸಿ ಇತ್ತು, ಗಾಜಿನ ತೊಟ್ಟಿಯಲ್ಲಿ ತಿನ್ನಲು ಬಾರದ ಬಣ್ಣದ ಮೀನುಗಳಿದ್ದವು, ಗೋಡೆಯ ಮೂಲೆಯಲ್ಲಿ ಒಂದು ಪುಟ್ಟ ಸ್ಪೀಕರ್ ಇತ್ತು. ಡಾಕ್ಟರು ಸೂಜಿ ಚುಚ್ಚಿ, ಮರಗಟ್ಟಲಿ ಎಂದು ಹೇಳಿ ಆಚೆ ಹೋದರು. ಸ್ಪೀಕರಿನೊಳಗಿಂದ ಯಾರೋ ಪುಣ್ಯಾತ್ಮ ಊದುತ್ತಿದ್ದ. ಎಷ್ಟು ನುಣುಪು, ಎಷ್ಟು ಮೆತ್ತಗೆ! ನನ್ನ ಬಾಯಿ ಒಂದು ಬದಿಯಿಂದ ಮರಗಟ್ಟುತ್ತ ಬಂದಂತೆಲ್ಲ ಆ ಸಂಗೀತ ನನಗೆ ಹೆಚ್ಚು ಹೆಚ್ಚು ಅರ್ಥವಾಗುತ್ತ ಹೋಯಿತು. ಹಲ್ಲು ಕಿತ್ತದ್ದು ಗೊತ್ತೇ ಆಗಲಿಲ್ಲ.

ಜೊಲ್ಲು ಸುರಿಸುತ್ತಲೇ ಡಾಕ್ಟರರನ್ನು ಕೇಳಿದೆ, ಇದೆಂಥ ಸಂಗೀತ ಎಂದು. ಅವರಿಗೆ ಅಂಥ ಭಾಷೆಯ ಅಭ್ಯಾಸವಿತ್ತು. ‘ಸ್ಮೂತ್ ಜಾಝ್’ ಎಂದರು. ಅದೇ ವಾರ ಫುಟ್‌ಪಾತಿನಲ್ಲಿ ಸೀಡಿ ಹರವಿಕೊಂಡು ಕೂತವನ ಹತ್ತಿರ ಅಂಥದೇ ಒಂದು ಎಂಪಿತ್ರೀ ಸೀಡಿ ಕೊಂಡುಕೊಂಡೆ. ಹೊದಿಕೆಯ ಮೇಲೆ ಸೂರ್ಯ ಮುಳುಗುತ್ತಿದ್ದ. ಬಿಳಿ ಅಂಗಿಯವನೊಬ್ಬ ಕಡಲ ದಂಡೆಯಲ್ಲಿ ಕಣ್ಣು ಮುಚ್ಚಿ ಊದುತ್ತಿದ್ದ. ಒಳಗೆ ಇನ್ನೂ ಎಷ್ಟೋ ಜನ ಊದುವವರಿದ್ದರು. ಒಬ್ಬ ಎಲ್ಲಿ ಮುಗಿಸಿದ, ಇನ್ನೊಬ್ಬ ಎಲ್ಲಿ ಶುರುಮಾಡಿದ ಎಂಬುದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅದನ್ನು ನಾನು ಅವರ ದೊಡ್ಡ ಗುಣವೆಂದೇ ತಿಳಿದಿದ್ದೇನೆ. ಅಣ್ಣತಮ್ಮಂದಿರು ಹಾಗೆ ಇದ್ದುಬಿಟ್ಟರೆ ಎಷ್ಟೋ ಮನೆಗಳು ಪಾಲಾಗದೆ ಉಳಿಯುತ್ತಿದ್ದವು.

ನನ್ನ ನೌಕರಿಯೂ ಈ ರುಚಿಗೆ ಕಾರಣ ಎನ್ನಬೇಕು. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದೆ. ಊರಿನವರೆಲ್ಲ ಒಬ್ಬೊಬ್ಬರಾಗಿ ಮೊಬೈಲು ಹಿಡಿದು ತಿರುಗತೊಡಗಿದ್ದ ಕಾಲ ಅದು. ಲ್ಯಾಂಡ್‌ಲೈನ್ ಇಟ್ಟುಕೊಂಡಿದ್ದವರು ಅದನ್ನು ಇಟ್ಟುಕೊಂಡದ್ದೇ ನಮ್ಮ ಮೇಲೆ ದೂರು ಕೊಡುವುದಕ್ಕೆ. ಸದಾಶಿವಗಡದ ಲೈನಿನಲ್ಲಿ ಗರಗರ, ಹಣಕೋಣದ ಲೈನಿನಲ್ಲಿ ಕರಕರ, ಇನ್ನೊಬ್ಬರ ಫೋನಿನಲ್ಲಿ ಪಕ್ಕದ ಮನೆಯ ಅತ್ತೆ ಸೊಸೆಯ ಮಾತು. ಬೆಳಗಿನಿಂದ ಸಂಜೆಯವರೆಗೆ ಇದನ್ನೇ ಕೇಳಿ ಬಂದವನಿಗೆ ಗರಗರವಿಲ್ಲದ ಯಾವ ಶಬ್ದವಾದರೂ ಸ್ವರ್ಗವೇ. ಹೀಗಾಗಿ ಹಳೆಯ ಜಾಝ್ ಧ್ವನಿಮುದ್ರಿಕೆಗಳನ್ನು ಕೇಳುವ ಯೋಗ್ಯತೆಯನ್ನು ನಾನು ಮೊದಲೇ ಕಳೆದುಕೊಂಡಿದ್ದೆ. ಅವು ಶುರುವಾಗುವುದೇ ಗರಗರದಿಂದ. ಕೇಳಿದ ಕೂಡಲೇ ನನಗೆ ಎದ್ದು ಹೋಗಿ ಕಂಬ ಹತ್ತಿ ತಂತಿ ನೋಡಬೇಕೆನ್ನುವ ಚಡಪಡಿಕೆ ಶುರುವಾಗುತ್ತಿತ್ತು.

ಆ ಗರಗರವನ್ನೇ ದೇವರ ಧ್ವನಿ ಎಂದು ನಂಬಿದ ಒಬ್ಬ ಮನುಷ್ಯ ನಮ್ಮ ಸಂಬಂಧದಲ್ಲೇ ಇದ್ದ. ಅವನೇ ನನ್ನ ಶಾರದಕ್ಕನ ಗಂಡ, ಅಂಕೋಲೆಯ ಕೇಣಿಯ ಮೋಹನ ಭಾವ. ಬರೆಯುವಾಗ ‘ಅವನು’ ಎಂದರೂ ಎದುರಿಗೆ ನಾನು ‘ನೀವು’ ಎಂದೇ ಕರೆಯುತ್ತಿದ್ದುದು. ಭಾವ ಬಹಳ ಕಾಲ ಸಾಮಾನು ಸಾಗಿಸುವ ಹಡಗುಗಳಲ್ಲಿ ಅಡಿಗೆಯವನಾಗಿದ್ದ. ನ್ಯೂ ಆರ್ಲಿಯನ್ಸ್ ಎಂಬ ಬಂದರಿನಲ್ಲಿ ಅವನ ಹಡಗು ರಿಪೇರಿಗೆಂದು ನಿಂತಾಗ, ಅಲ್ಲಿನ ಬೀದಿಯಲ್ಲಿ ಕಪ್ಪು ಮುದುಕರು ಊದಿದ್ದನ್ನು ಕೇಳಿ ಅವನಿಗೆ ಏನೋ ಆಗಿಹೋಯಿತು. ಏನಾಯಿತೆಂದು ಅವನಿಗೂ ಹೇಳಲು ಬರುವುದಿಲ್ಲ. ಹೇಳಲು ಹೊರಟರೆ ಎರಡೂ ಕೈ ಮೇಲೆತ್ತಿ, ‘ಹೀಂಗೆ... ಹೀಂಗೆ ಬತ್ತದೆ ಮಾರಾಯಾ, ಮತ್ತೆ ಹೀಂಗೆ ತಿರುಗ್ತದೆ’ ಎನ್ನುತ್ತಾನೆ. ನೋಡಿದವರಿಗೆ ಅವನು ಬಲೆ ಬೀಸುತ್ತಿದ್ದಾನೋ ಏಡಿ ಕಚ್ಚಿಸಿಕೊಂಡಿದ್ದಾನೋ ತಿಳಿಯುವುದಿಲ್ಲ. ಹಡಗು ಬಿಟ್ಟು ಊರಿಗೆ ಬರುವಾಗ ಎಲ್ಲರೂ ಸೆಂಟು, ಚಾಕಲೇಟು ತಂದರೆ ಭಾವ ಒಂದು ಟ್ರಂಕಿನ ತುಂಬ ಹಳೆಯ ಜಾಝ್ ಕ್ಯಾಸೆಟ್ ತಂದ. ಅಕ್ಕ ಆ ಟ್ರಂಕನ್ನು ಒಣಮೀನಿನ ಡಬ್ಬಿಗಳ ಪಕ್ಕದಲ್ಲಿಟ್ಟಳು. ಅಂದಿನಿಂದ ಕೇಣಿಯಲ್ಲಿ ಜಾಝಿಗೆ ಅದರದೇ ಆದ ವಾಸನೆಯೂ ಬಂತು.

ಪ್ರತಿ ರವಿವಾರ ನಾನು ಬಸ್ಸು ಹಿಡಿದು ಅಂಕೋಲೆಗೆ ಹೋಗುತ್ತಿದ್ದೆ. ಅಕ್ಕನ ಕೈಯ ಮೀನುಸಾರು ನೆಪ. ಭಾವನ ಜೊತೆ ಜಗಳ ಮುಖ್ಯ ಉದ್ದೇಶ. ಭಾವನ ವಾದ ಸರಳ. ಹಳೆಯ ಜಾಝಿನವನು ಒಂದು ಹಾಡು ಹಿಡಿದು ಮನೆಯಿಂದ ಹೊರಡುತ್ತಾನೆ, ದಾರಿ ಬಿಡುತ್ತಾನೆ, ಗದ್ದೆಗೆ ಇಳಿಯುತ್ತಾನೆ, ಬೇಲಿ ಹಾರುತ್ತಾನೆ, ಇನ್ನು ಇವನು ಬರುವುದಿಲ್ಲ ಎಂದು ಎಲ್ಲರೂ ಆಸೆ ಬಿಟ್ಟಾಗ ಹಿತ್ತಲ ಬಾಗಿಲಿನಿಂದ ಮನೆಯೊಳಗೆ ಬಂದುಬಿಡುತ್ತಾನೆ. ಹೊಸಬರು ಹೊಸ್ತಿಲನ್ನೇ ದಾಟುವುದಿಲ್ಲ. ‘ನಿನ್ನ ಈ ಸ್ಮೂತು ಮುಳ್ಳು ತೆಗ್ದ ಮೀನು ಕಣಾ ಗಣಪೂ’ ಎನ್ನುತ್ತಿದ್ದ ಭಾವ. ‘ಮುಳ್ಳಿಲ್ದಿದ್ದ ಮೀನು ತಿಂದ್ಕಂಡೆ, ನಾನೂ ಮೀನು ತಿಂದೆ ಹೇಳುಕೆ ನಾಚ್ಕೆ ಆಗುದಿಲ್ವಾ?’

ನನಗೆ ನಾಚಿಕೆ ಆಗುತ್ತಿರಲಿಲ್ಲ. ನಾನು ಮೀನುಗಾರರ ಮನೆಯಲ್ಲಿ ಹುಟ್ಟಿಯೂ ದೋಣಿ ಹತ್ತಿದರೆ ವಾಂತಿ ಮಾಡುವವನು. ಕಾಳಿ ಸೇತುವೆಯ ಮೇಲೆ ಬಸ್ಸು ತುಸು ಹೊತ್ತು ನಿಂತರೂ ನನಗೆ ತಲೆ ತಿರುಗುತ್ತದೆ. ಏರಿಳಿತವೇ ಆಗದ ಮೈಗೆ ಸಪಾಟಾದ ಸಂಗೀತ ಹಿಡಿಸಿದರೆ ತಪ್ಪೇನು? ಅದಲ್ಲದೆ ಭಾವ ಹೇಳುವಂತೆ ಹೊಸ್ತಿಲು ದಾಟದವರು ಅಷ್ಟೇನೂ ಕೀಳಲ್ಲ. ನಾನು ಅವನಿಗೆ ಕೇಳುತ್ತಿದ್ದೆ: ಬೇಲಿ ಹಾರಿ ಹಿತ್ತಲಿನಿಂದ ಬರುವವರನ್ನು ನಮ್ಮೂರಲ್ಲಿ ಏನೆಂದು ಕರೆಯುತ್ತಾರೆ? ಭಾವ ಅಲ್ಲಿಂದ ಭೂಗೋಳಕ್ಕೆ ಇಳಿಯುತ್ತಿದ್ದ. ದೊಡ್ಡ ನದಿ ಸಮುದ್ರಕ್ಕೆ ಸೇರುವ ಊರಿನಲ್ಲಿ ಬಂದರು ಇದ್ದರೆ, ಹತ್ತು ದಿಕ್ಕಿನ ಜನ ಬಂದು ಸೇರಿದರೆ, ಅಲ್ಲಿ ಜಾಝ್ ಹುಟ್ಟಲೇಬೇಕು ಎಂಬುದು ಅವನ ಸಿದ್ಧಾಂತ. ಹಾಗಾದರೆ ಕಾಳಿ ನದಿ ಇರುವ, ಬಂದರೂ ಇರುವ ಕಾರವಾರದಲ್ಲಿ ಯಾಕೆ ಹುಟ್ಟಲಿಲ್ಲ ಎಂದು ನಾನು ಕೇಳಿದರೆ, ನಿನ್ನಂಥವರು ಹುಟ್ಟಿ ಜಾಗ ತುಂಬಿಹೋಯಿತು ಎನ್ನುತ್ತಿದ್ದ.

ಅಕ್ಕ ಈ ಚರ್ಚೆಗೆ ಸೇರುತ್ತಿರಲಿಲ್ಲ. ಶೆಟ್ಲಿ, ಅಂದರೆ ಸಿಗಡಿ, ಬಿಡಿಸುತ್ತಲೋ ಕಾಯಿ ತುರಿಯುತ್ತಲೋ ಕೂತಿರುತ್ತಿದ್ದಳು. ಒಮ್ಮೆ ನಾವು ತೀರ ಪೀಡಿಸಿ ನಿನ್ನ ಅಭಿಪ್ರಾಯವೇನು ಎಂದು ಕೇಳಿದಾಗ, ‘ಎರಡೂ ಅದೇ ಪೀಪಿ. ಒಬ್ರು ಊದಿ ನಿದ್ದೆ ಬರಿಸ್ತರೆ, ಇನ್ನೊಬ್ರು ಊದಿ ನಿದ್ದೆ ಕೆಡಿಸ್ತರೆ’ ಎಂದು ಮತ್ತೆ ಶೆಟ್ಲಿಗೆ ಮರಳಿದಳು. ಜಗತ್ತಿನ ಸಂಗೀತ ವಿಮರ್ಶೆಯನ್ನೆಲ್ಲ ಭಟ್ಟಿ ಇಳಿಸಿದರೆ ಇದಕ್ಕಿಂತ ಹೆಚ್ಚೇನೂ ಸಿಗಲಾರದು ಎಂದು ನನಗೆ ಈಗ ಅನ್ನಿಸುತ್ತದೆ. ಆಗ ಮಾತ್ರ ನಾವಿಬ್ಬರೂ ಒಟ್ಟಾಗಿ ಅವಳನ್ನು ನೋಡಿ ನಕ್ಕಿದ್ದೆವು.

ಇಲ್ಲಿ ಸ್ವಲ್ಪ ಪಾಂಡಿತ್ಯ ತೋರಿಸುವುದು ಅನಿವಾರ್ಯ. ಸ್ಯಾಕ್ಸೋಫೋನು ಮೈಯೆಲ್ಲ ಹಿತ್ತಾಳೆಯಾದರೂ ಕೊಳಲಿನ ಬಳಗಕ್ಕೆ ಸೇರಿದ್ದು, ಯಾಕೆಂದರೆ ಸ್ವರ ಹುಟ್ಟುವುದು ಬಾಯಲ್ಲಿಟ್ಟುಕೊಳ್ಳುವ ಬೆತ್ತದ ಸೀಳಿನಿಂದ. ಬೆಲ್ಜಿಯಮ್ಮಿನ ಒಬ್ಬ ಇದನ್ನು ಮಿಲಿಟರಿ ಬ್ಯಾಂಡಿನವರಿಗೆಂದು ಮಾಡಿದನಂತೆ. ಅದು ಯುದ್ಧಕ್ಕೆ ಹೋಗದೆ ಮದುವೆಗೆ ಹೋಯಿತು, ಎರಡರಲ್ಲಿ ದೊಡ್ಡ ವ್ಯತ್ಯಾಸವಿಲ್ಲ ಎನ್ನುವವರೂ ಇದ್ದಾರೆ. ಈ ವಾದ್ಯದ ಹೊಸ ಕಾಲದ ವಾದಕರಲ್ಲಿ ಒಂದು ವಿದ್ಯೆಯಿದೆ. ಕೆನ್ನೆಯಲ್ಲಿ ಗಾಳಿ ತುಂಬಿಟ್ಟುಕೊಂಡು ಅದನ್ನು ಬಾಯಿಯಿಂದ ಊದುತ್ತಲೇ ಮೂಗಿನಿಂದ ಹೊಸ ಉಸಿರು ಎಳೆದುಕೊಳ್ಳುವುದು. ಹಾಗೆ ಮಾಡಿದರೆ ಒಂದೇ ಸ್ವರವನ್ನು ಎಷ್ಟು ಹೊತ್ತು ಬೇಕಾದರೂ ಹಿಡಿಯಬಹುದು. ಹಳೆಯ ಜಾಝಿನಲ್ಲೂ ಇದು ಗೊತ್ತಿದ್ದವರಿದ್ದರು, ಆದರೆ ಅವರಿಗೆ ಹೇಳಲು ಬೇರೆ ವಿಷಯಗಳೂ ಇದ್ದವು ಎಂಬುದು ಭಾವನ ಕುಹಕ. ನನಗೋ ಅದೇ ಕಲೆಯ ತುದಿ. ಒಂದು ರವಿವಾರ ಅಕ್ಕನ ಹಿತ್ತಲಿನ ಪಪ್ಪಾಯಿ ಎಲೆಯ ದಂಟು ಕೊಯ್ದು, ಲೋಟದ ನೀರಿನಲ್ಲಿ ಗುಳುಗುಳು ಊದುತ್ತ ನಾನೇ ಮಾಡಿ ತೋರಿಸಲು ಹೊರಟೆ. ಲೋಟದ ನೀರೆಲ್ಲ ನನ್ನ ಮೂಗಿನಿಂದ ಹೊರಬಂತು. ಭಾವ ನಕ್ಕು ನಕ್ಕು ಕುರ್ಚಿಯಿಂದ ಜಾರಿದ. ನೆಲ ಒರೆಸುತ್ತಿದ್ದ ಅಕ್ಕ ತಲೆಯೆತ್ತಿ ಒಂದೇ ಒಂದು ಪ್ರಶ್ನೆ ಕೇಳಿದಳು: ‘ಅಲ್ದಾ ತಮ್ಮಾ, ಅವ್ನಿಗೆ ಶೀತ ಆಗಿ ಮೂಗು ಕಟ್ಟಿದ್ರೆ ಎಂತಾ ಮಾಡ್ತ?’ ಅಡಿಗೆಮನೆಯ ಪ್ರಶ್ನೆ ಎಂದುಕೊಂಡು ನಾನು ಮೂಗು ಒರೆಸಿಕೊಂಡೆ.

ಹೀಗಿರುವಾಗ ಭಾವ ದೋಣಿ ಕಟ್ಟಿಸಿದ. ಇದನ್ನು ನಾನು ತಮಾಷೆಯಿಲ್ಲದೆ ಹೇಳಬೇಕು. ಬದುಕಿನುದ್ದಕ್ಕೂ ಅವನು ಬೇರೆಯವರ ಹಡಗಿನಲ್ಲಿ ಬೇರೆಯವರಿಗೆ ಬೇಯಿಸಿ ಹಾಕಿದವನು. ತನ್ನದು ಎನ್ನುವ ಒಂದು ಹಲಗೆ ನೀರಿನ ಮೇಲೆ ತೇಲಬೇಕೆಂಬುದು ಅವನ ಒಂದೇ ಆಸೆ. ಕೇಣಿಯ ದಂಡೆಯ ತೆಂಗಿನ ಮರಗಳ ಕೆಳಗೆ, ಬಡಗಿಗಳು ಹಲಗೆ ಹಲಗೆ ಜೋಡಿಸುತ್ತ ಹೋದಂತೆ, ಭಾವ ದಿನವೂ ಅಲ್ಲೇ ಕೂತಿರುತ್ತಿದ್ದ. ಹಸಿ ಮರದ ಮೇಲೆ ಕೈಯಾಡಿಸುತ್ತಿದ್ದ. ದೊಡ್ಡ ದೋಣಿ, ಬಲೆಯ ರಾಶಿಯನ್ನೂ ಅದನ್ನು ಬಿಡುವ ಆಳುಗಳನ್ನೂ ಹೊರುವಂಥದ್ದು. ನೀರಿಗೆ ಇಳಿಸುವ ದಿನ ಗೊತ್ತಾದಾಗ ಭಾವ ನನ್ನನ್ನು ಕರೆದು, ‘ಗಣಪೂ, ನಂಗೆ ಅವತ್ತು ಸ್ಯಾಕ್ಸೋಫೋನು ಬೇಕು’ ಎಂದ. ಆ ಬಂದರಿನ ಬೀದಿಯಲ್ಲಿ ಕೇಳಿದ್ದು ತನ್ನ ದೋಣಿಯ ಮುಂದೆಯೂ ಕೇಳಬೇಕೆಂದು ಆಗಲೇ ಅಂದುಕೊಂಡಿದ್ದನಂತೆ.

ಸ್ಯಾಕ್ಸೋಫೋನು ಅಂದರೆ ನಮ್ಮ ಕಡೆ ಸದಾಶಿವಗಡದ ಮಿಂಗೇಲ. ಮಿಂಗೇಲ ಮದುವೆಗೆ ಊದುತ್ತಿದ್ದ, ಸತ್ತವರ ಮಣ್ಣಿಗೆ ಊದುತ್ತಿದ್ದ, ಸೀಸನ್ನಿನಲ್ಲಿ ಗೋವೆಯ ಹೋಟೆಲುಗಳಲ್ಲಿ ಊಟ ಮಾಡುವ ಪ್ರವಾಸಿಗಳಿಗೆ ಊದುತ್ತಿದ್ದ. ಹಳೆಯದೋ ಹೊಸದೋ ಎಂಬ ನಮ್ಮ ಜಗಳ ಅವನಿಗೆ ಅರ್ಥವೇ ಆಗಲಿಲ್ಲ. ‘ನಾನು ಎರಡೂ ಊದ್ತೆ ಬಾಬಾ. ಜೇವಣ ಮಾತ್ರ ಟೈಮಿಗೆ ಆಗ್ಬೇಕು’ ಎಂದು ಊಟದ ಕರಾರು ಹಾಕಿದ. ಅವನಿಗೆ ಒಂದೇ ಕೊರಗು. ಹೋಟೆಲಿನಲ್ಲಿ ತಟ್ಟೆ ಚಮಚದ ಸದ್ದು, ಮದುವೆಯಲ್ಲಿ ಹರಟೆ, ಮಣ್ಣಿನಲ್ಲಿ ಅಳು. ಇಷ್ಟು ವರ್ಷ ಊದಿದರೂ ಒಬ್ಬನೇ ಒಬ್ಬ ಮನುಷ್ಯ ಸುಮ್ಮನೆ ನಿಂತು ತನ್ನನ್ನು ಕೇಳಿದ್ದಿಲ್ಲ ಎಂದು ಹೇಳಿಕೊಂಡ. ಕೇಣಿಯವರು ಕೇಳುತ್ತಾರೆ ಎಂದು ನಾನು ಭರವಸೆ ಕೊಟ್ಟೆ. ಆ ಭರವಸೆ ಅಷ್ಟು ಚೆನ್ನಾಗಿ ನಿಜವಾಗುತ್ತದೆಂದು ನನಗೇನು ಗೊತ್ತು.

ಮಿಂಗೇಲ ಏನು ಊದಬೇಕು ಎಂಬುದರ ಮೇಲೆ ನನಗೂ ಭಾವನಿಗೂ ಅಕ್ಕನ ಅಡಿಗೆಮನೆಯಲ್ಲಿ ಒಂದು ಒಪ್ಪಂದವಾಯಿತು. ಮನೆಯಿಂದ ದಂಡೆಯವರೆಗೆ ಹಳೆಯದು. ದೋಣಿ ನೀರಿಗೆ ಜಾರುವ ಗಳಿಗೆಯಲ್ಲಿ ಹೊಸದು. ಜಾರುವ ವಸ್ತುವಿಗೆ ಜಾರುವ ಸಂಗೀತವೇ ಸರಿ ಎಂಬ ನನ್ನ ವಾದಕ್ಕೆ ಭಾವ ಕೊನೆಗೆ ತಲೆಯಾಡಿಸಿದ. ಮೂಗಿನ ಉಸಿರಿನ ವಿದ್ಯೆ ಅವನಿಗೂ ಬರುತ್ತಿತ್ತು; ಆ ಉದ್ದ ಸ್ವರವೊಂದನ್ನು ಮಾತ್ರ ಮರೆಯಬೇಡ ಎಂದು ನಾನು ಮಿಂಗೇಲನಿಗೆ ಒತ್ತಿ ಒತ್ತಿ ಹೇಳಿದೆ.

ಆ ದಿನದ ಮೊದಲರ್ಧವನ್ನು ಭಾವನ ಹಳೆಯ ಜಾಝ್ ಕೆಡಿಸಿತು. ಇದನ್ನು ಹೇಳದಿದ್ದರೆ ಚರಿತ್ರೆಗೆ ಅನ್ಯಾಯ. ಪೂಜೆಯ ಬುಟ್ಟಿ ಹೊತ್ತ ಮೆರವಣಿಗೆ ಹೊರಟಿತು. ಮುಂದೆ ಮಿಂಗೇಲ, ಅವನ ಹಿಂದೆ ಗುಮಟೆ ಬಡಿಯುವವರು, ಹಿಂದೆ ನಾವೆಲ್ಲ. ಮೊದಲು ಒಂದು ಭಜನೆಯ ಧಾಟಿ ಹಿಡಿದ ಮಿಂಗೇಲ, ಭಾವ ಹುರಿದುಂಬಿಸಿದಂತೆ ಅದನ್ನು ಬಿಟ್ಟು ಅಡ್ಡಾಡತೊಡಗಿದ. ಸ್ವರ ದಾರಿ ಬಿಟ್ಟಾಗ ಅವನ ಕಾಲೂ ದಾರಿ ಬಿಟ್ಟಿತು. ಕಣ್ಣು ಮುಚ್ಚಿಕೊಂಡು ಯಾರದೋ ಅಂಗಳಕ್ಕೆ ತಿರುಗಿದ. ಬ್ಯಾಂಡು ಹೋದ ಕಡೆ ಹೋಗುವುದು ನಮ್ಮವರ ಪದ್ಧತಿ, ಎಲ್ಲರೂ ಹಿಂದೆ ಹೋದೆವು. ಒಣಹಾಕಿದ ತಾರ್ಲೆ ಮೀನುಗಳ ನಡುವೆ ಒಂದು ಸುತ್ತು ಬಂದೆವು. ಆ ಮನೆಯ ಮುದುಕಿ ಏನೋ ಹೊಸ ಶಾಸ್ತ್ರವಿರಬೇಕೆಂದು ಬುಟ್ಟಿಗೆ ಅರಿಶಿನ ಕುಂಕುಮ ಹಾಕಿದಳು. ‘ನೋಡ್ದ್ಯಾ, ಹ್ಯಾಂಗೆ ತಿರುಗ್ಕಂಡೆ ಬಂದ!’ ಎಂದು ಭಾವ ಹೆಮ್ಮೆಯಿಂದ ನನ್ನ ಬೆನ್ನಿಗೆ ಗುದ್ದಿದ. ಹೀಗೆ ತಡವಾಗಿ ದಂಡೆಗೆ ಮುಟ್ಟುವಾಗ ಕಡಲಿನ ಭರತಿ ತುದಿಗೆ ಏರಿ ನಿಂತಿತ್ತು. ಇನ್ನು ಇಳಿಯುವುದೊಂದೇ ಬಾಕಿ.

ದೋಣಿ ಇಳಿಸುವುದು ನೋಡಿದವರಿಗೆ ಗೊತ್ತು, ನೋಡದವರಿಗೆ ಹೇಳುತ್ತೇನೆ. ತೆಂಗಿನ ಬೊಡ್ಡೆಗಳನ್ನು ದೋಣಿಯ ಕೆಳಗೆ ಹಾಕಿ, ಗಂಡಸರೆಲ್ಲ ಎರಡೂ ಬದಿಗೆ ಮತ್ತು ಹಿಂದಕ್ಕೆ ಹೆಗಲು ಕೊಟ್ಟು ನಿಲ್ಲುತ್ತಾರೆ. ಮುಂದೆ ನಿಂತ ತಾಂಡೇಲ, ಅಂದರೆ ದೋಣಿಯ ಮುಖ್ಯಸ್ಥ, ‘ಹೋ...’ ಎಂದು ಉದ್ದಕ್ಕೆ ಎಳೆಯುತ್ತಾನೆ. ಆ ಹೋ ನಡೆಯುವಷ್ಟು ಹೊತ್ತು ಎಲ್ಲರೂ ಕಾಲು ಊರಿ, ಉಸಿರು ಬಿಗಿ ಹಿಡಿದು ಕಾಯಬೇಕು. ಹೋ ಎಲ್ಲಿ ಕಡಿಯಿತೋ ಅಲ್ಲಿ ‘ಹೈಸಾ!’ ಎಂದು ಒಟ್ಟಿಗೆ ದೂಡಬೇಕು. ಹೋ ನಡೆಯುವಾಗ ಯಾರೂ ಮಾತಾಡಕೂಡದು, ಕದಲಕೂಡದು. ಮಾತಾಡಿದರೆ ಕಡಲು ಕೋಪಿಸಿಕೊಳ್ಳುತ್ತದೆ ಎನ್ನುತ್ತಾರೆ. ಮುಖ್ಯ ಕಾರಣ, ಒಬ್ಬ ಮೊದಲೇ ದೂಡಿದರೆ ಅವನ ಬೆನ್ನು ಹೋಗುತ್ತದೆ.

ಮರಳಿನ ಮೇಲೆ ಎಲ್ಲ ಸಸೂತ್ರ ನಡೆಯಿತು. ತಾಂಡೇಲ ಕೂಗಿದ, ನಾವು ದೂಡಿದೆವು, ದೋಣಿ ಅಳತೆ ಹಾಕಿದಂತೆ ಸರಿಯುತ್ತ ಬಂದು ಮೂತಿಯನ್ನು ನೀರಿಗಿಟ್ಟಿತು. ಇನ್ನು ಒಂದೇ ಒಂದು ದೊಡ್ಡ ದೂಕು. ಆದರೆ ಅದು ತಡವಾಗಬಾರದು. ಅರ್ಧ ನೀರಿನಲ್ಲಿ ಅರ್ಧ ಮರಳಿನಲ್ಲಿ ದೋಣಿ ಇರುವಾಗ ಇಳಿತ ಶುರುವಾದರೆ, ತೆರೆ ಅದನ್ನು ಅಡ್ಡ ಮಲಗಿಸಿ ಬಡಿಯುತ್ತದೆ. ಹೊಸ ಹಲಗೆಗಳ ಸಂದುಗಳು ಬಿಡುತ್ತವೆ. ಭಾವ ಹಿಂದೆ ನನ್ನ ಪಕ್ಕದಲ್ಲಿ ಹೆಗಲು ಕೊಟ್ಟು ನಿಂತಿದ್ದ. ತಾಂಡೇಲ ಕೈ ಎತ್ತಿ ಬಾಯಿ ತೆರೆದ.

ಒಪ್ಪಂದದಂತೆ, ಸರಿಯಾಗಿ ಆ ಗಳಿಗೆಯಲ್ಲೇ ಮಿಂಗೇಲ ಉದ್ದ ಸ್ವರವನ್ನು ಹಿಡಿದ.

ತಾಂಡೇಲ ಬಾಯಿ ಮುಚ್ಚಿದ. ಅಷ್ಟು ದೂರದಿಂದ ಕರೆಸಿದ್ದಾರೆ ಎಂದ ಮೇಲೆ ಇವತ್ತಿನ ಹೋ ಇದೇ ಇರಬೇಕು ಎಂದು ಅವನು ಲೆಕ್ಕ ಹಾಕಿದ್ದು ಸಹಜವೇ. ನಮಗೆಲ್ಲರಿಗೂ ಹಾಗೆಯೇ ಅನ್ನಿಸಿತು. ಕಾಲು ಊರಿದೆವು, ಉಸಿರು ಬಿಗಿ ಹಿಡಿದೆವು, ಸ್ವರ ಕಡಿಯುವುದನ್ನು ಕಾದೆವು.

ಸ್ವರ ಕಡಿಯಲಿಲ್ಲ. ಮೊದಮೊದಲು ನನಗೆ ಆನಂದವೇ ಆಯಿತು. ಎಂಥ ನುಣುಪು, ಒಂದು ಗರಗರವಿಲ್ಲ! ಭಾವನ ಮುಖ ಹೇಗಿದೆಯೆಂದು ಓರೆಗಣ್ಣಿನಿಂದ ನೋಡಿದೆ. ಅದು ಕೆಂಪಗಾಗುತ್ತಿತ್ತು. ನಾನು ಅದನ್ನು ಸೋಲಿನ ಕೆಂಪು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ನನ್ನ ಮೊಣಕಾಲು ಬೇರೆಯೇ ಸಂಗತಿ ಹೇಳತೊಡಗಿತು. ನನ್ನೆದುರಿನ ಹೆಗಲುಗಳೆಲ್ಲ ನಡುಗುತ್ತಿದ್ದವು. ಒಬ್ಬನ ಪಂಚೆ ಸಡಿಲವಾಗಿ ಇಳಿಯುತ್ತಿತ್ತು, ಅವನು ಅದನ್ನೂ ಹಿಡಿಯಲಾರದೆ ದೋಣಿಯನ್ನೂ ಬಿಡಲಾರದೆ ದೇವರ ಮೇಲೆ ಭಾರ ಹಾಕಿದ್ದ. ಒಂದು ತೆರೆ ಬಂದು ನಮ್ಮ ಮೊಣಕಾಲು ಮುಟ್ಟಿ ಹೋಯಿತು. ಮುಂದಿನದು ಪಾದದ ಗಂಟಿಗೇ ನಿಂತಿತು. ಇಳಿತ ಶುರುವಾಗಿತ್ತು. ಎಲ್ಲರಿಗೂ ಅದು ಗೊತ್ತು, ಆದರೆ ಹೋ ನಡೆಯುವಾಗ ಮಾತಾಡುವಂತಿಲ್ಲ.

ಮಿಂಗೇಲನ ಪಾಡನ್ನೂ ನೀವು ತಿಳಿದುಕೊಳ್ಳಬೇಕು. ಅವನು ಒಮ್ಮೆ ಅರೆಗಣ್ಣು ತೆರೆದು ನೋಡಿದನಂತೆ. ದಂಡೆಯ ತುಂಬ ಜನ. ಒಬ್ಬರ ಬಾಯಲ್ಲೂ ಮಾತಿಲ್ಲ, ಒಬ್ಬರೂ ಕದಲುತ್ತಿಲ್ಲ, ಉಸಿರು ಸಹ ಬಿಡದೆ, ಕೆಲವರು ಕಣ್ಣಲ್ಲಿ ನೀರು ತುಂಬಿಕೊಂಡು ತನ್ನನ್ನೇ ಕೇಳುತ್ತಿದ್ದಾರೆ. ಬಾಳಿನಲ್ಲಿ ಮೊದಲ ಸಲ ಸಿಕ್ಕ ಇಂಥ ಸಭೆಯನ್ನು ಯಾವ ಕಲಾವಿದ ತಾನೇ ಬಿಟ್ಟುಕೊಡುತ್ತಾನೆ? ಅವನು ಮತ್ತೆ ಕಣ್ಣು ಮುಚ್ಚಿ, ಮೂಗಿನಿಂದ ಇನ್ನಷ್ಟು ಗಾಳಿ ಎಳೆದುಕೊಂಡ. ಅತ್ತ ಭಾವನ ದೋಣಿಯ ಮೂತಿ ಒಂದು ಬದಿಗೆ ಮೆಲ್ಲಗೆ ವಾಲಿತು. ಭಾವ ನನ್ನ ಕಡೆ ನೋಡಿದ. ಅದರಲ್ಲಿ ಸಿಟ್ಟಿರಲಿಲ್ಲ, ಬರೇ ಭಯವಿತ್ತು. ಸ್ಮೂತ್ ಜಾಝ್ ಹಾಳಾಗಿ ಹೋಗಲಿ, ಆ ಬೆಲ್ಜಿಯಮ್ಮಿನವನೂ ಹಾಳಾಗಿ ಹೋಗಲಿ, ಈ ದೋಣಿ ಒಂದು ತೇಲಿದರೆ ಸಾಕು ಎಂದು ಮನಸ್ಸಿನಲ್ಲೇ ಹರಕೆ ಹೊತ್ತೆ.

ಹೆಂಗಸರು ಆರತಿ ಹಿಡಿದು ಒಂದು ಬದಿಗೆ ನಿಂತಿದ್ದರು. ಅಕ್ಕ ತನ್ನ ಕೈಯ ಹರಿವಾಣವನ್ನು ಪಕ್ಕದವಳಿಗೆ ಕೊಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮರಳಿನ ಮೇಲೆ ನಡೆದು ಮಿಂಗೇಲನ ಎದುರಿಗೆ ಬಂದಳು. ಒಂದು ಮಾತಾಡಲಿಲ್ಲ; ಕಟ್ಟಳೆ ಮೀರಲಿಲ್ಲ. ಅರಿಶಿನ ಹತ್ತಿದ ಎರಡು ಬೆರಳುಗಳಿಂದ ಅವನ ಮೂಗನ್ನು ಗಟ್ಟಿಯಾಗಿ ಹಿಡಿದಳು.

ಆಗ ಹೊರಟ ಶಬ್ದವನ್ನು ಅಕ್ಷರದಲ್ಲಿ ಬರೆಯಲು ನಮ್ಮ ವರ್ಣಮಾಲೆ ಸಾಲದು. ಎಮ್ಮೆಕರು, ಬಾತುಕೋಳಿ ಮತ್ತು ಹಣಕೋಣದ ಟೆಲಿಫೋನ್ ಲೈನು ಒಟ್ಟಿಗೆ ಕಿರುಚಿದರೆ ಹೇಗೋ ಹಾಗೆ. ಸ್ವರ ಕಡಿದಿತ್ತು. ಅಷ್ಟು ಹೊತ್ತು ಹಿಡಿದಿಟ್ಟ ಉಸಿರೆಲ್ಲ ಒಂದೇ ‘ಹೈಸಾ!’ ಆಗಿ ಹೊರಬಿತ್ತು. ಅಂಥ ದೂಕನ್ನು ಕೇಣಿಯ ದಂಡೆ ಕಂಡದ್ದಿಲ್ಲ. ದೋಣಿ ಒಂದೇ ಏಟಿಗೆ ತೆರೆ ಸೀಳಿಕೊಂಡು ನೀರಿಗೆ ನುಗ್ಗಿ, ಯಾರೊಬ್ಬರೂ ಹತ್ತುವ ಮೊದಲೇ ತೇಲುತ್ತ ಹೊರಟುಬಿಟ್ಟಿತು. ದೂಡಿದವರೆಲ್ಲ ಒಬ್ಬರ ಮೇಲೊಬ್ಬರು ಮುಗ್ಗರಿಸಿ ಬಿದ್ದೆವು. ಪಂಚೆಯವನ ಪಂಚೆ ಬೇರೆಯಾಗಿ ತೇಲಿತು. ಭಾವ ಹೊಸ ಅಂಗಿಯಲ್ಲೇ ತನ್ನ ದೋಣಿಯ ಹಿಂದೆ ಈಜಿಕೊಂಡು ಹೋದ. ತಾಂಡೇಲ ಅವನನ್ನು ಹಿಂದಿನಿಂದ ಎತ್ತಿ ಹತ್ತಿಸಿದ. ಭಾವ ದೋಣಿಯ ನಡುವೆ ಎದ್ದು ನಿಂತು, ಎರಡೂ ಕೈ ಮೇಲೆತ್ತಿ, ದಂಡೆಯ ಕಡೆ ನೋಡುತ್ತ ಮಗುವಿನಂತೆ ಅತ್ತುಬಿಟ್ಟ. ನಾನೂ ಅತ್ತೆ. ಬಾಯೊಳಗೆ ಹೊಕ್ಕ ಉಪ್ಪುನೀರಿನ ನೆಪವಿತ್ತು, ಹಾಗಾಗಿ ಯಾರೂ ಕೇಳಲಿಲ್ಲ.

ಮಿಂಗೇಲನಿಗೆ ಸಿಟ್ಟು ಬಂದಿರಬಹುದೆಂದು ಹೆದರಿ ನಾನು ಓಡಿ ಹೋಗಿ ಕ್ಷಮೆ ಕೇಳಿದೆ. ಅವನು ಹಳದಿಯಾದ ಮೂಗನ್ನು ಸವರಿಕೊಳ್ಳುತ್ತ, ‘ಬಾಯೆನ್ ಬರೇಂ ಕೆಲೆಂ’ ಎಂದ. ಅಕ್ಕ ಒಳ್ಳೆಯದನ್ನೇ ಮಾಡಿದಳು ಎಂದು ಆ ಕೊಂಕಣಿಯ ಅರ್ಥ. ಆಮೇಲೆ ಕನ್ನಡದಲ್ಲಿ, ‘ಅಷ್ಟು ಜನ ಕೇಳ್ತಾ ನಿಂತ್ರೆ ನಿಲ್ಸುದು ಹ್ಯಾಂಗೆ ಬಾಬಾ? ನಂಗೂ ಗೊತ್ತಾಗ್ಲಿಲ್ಲ. ಜೇವಣ ಆಯ್ತಾ?’ ಎಂದ.

ಜೇವಣದ ಎಲೆಯ ಮುಂದೆ ನಾನೂ ಭಾವನೂ ಮತ್ತೆ ಶುರುಮಾಡಿದೆವು. ದೋಣಿಯನ್ನು ತೇಲಿಸಿದ ಆ ಕಿರುಚು ನಿಜವಾದ ಹಳೆಯ ಜಾಝ್ ಎಂದು ಭಾವ ಹೇಳಿದ. ಯಾವ ಸೀಡಿಯಲ್ಲೂ ಸಿಗದ ಸ್ವರ, ಆ ಗಳಿಗೆಯಲ್ಲೇ ಹುಟ್ಟಿ ಆ ಗಳಿಗೆಯಲ್ಲೇ ಸತ್ತದ್ದು, ಮುಳ್ಳು ಸಮೇತ! ಆದರೆ ಅಷ್ಟು ಜನರ ಮೈಯಲ್ಲಿ ಅಷ್ಟು ಬಲ ತುಂಬಿದ್ದು ಅದಕ್ಕೆ ಮುಂಚಿನ ಉದ್ದ ಸ್ವರವಲ್ಲವೇ ಎಂದು ನಾನು ಕೇಳಿದೆ. ತಾಂಡೇಲ ಇಬ್ಬರ ಮಾತನ್ನೂ ಕೇಳಿ, ಮುಂದಿನ ಸಲ ತಾನೇ ಕೂಗುವುದಾಗಿ ಹೇಳಿದ. ಅಕ್ಕ ಸಾರು ಬಡಿಸುತ್ತಿದ್ದಳು. ನಿನಗೆ ಅದು ಹೇಗೆ ಹೊಳೆಯಿತು ಎಂದು ಕೇಳಿದೆ. ‘ನೀನೇ ಹೇಳಿದ್ಯಲ್ಲಾ ತಮ್ಮಾ, ಮೂಗಿಂದ ಎಳೀತ ಹೇಳಿ’ ಎಂದಳು. ‘ನೀವಿಬ್ರೂ ಕೂಗ್ಕಂಡೆ ಇದ್ರಿ. ನಾನು ಕೇಳ್ಕಂಡೆ ಇದ್ದೆ.’

ಈಗಲೂ ನಾನು ಸ್ಮೂತ್ ಜಾಝಿನ ಪಕ್ಷದವನೇ. ಭಾವನ ಕ್ಯಾಸೆಟ್ಟುಗಳಿಗೆ ಬೂಸ್ಟು ಹಿಡಿದಿದೆ, ಅವನಿಗೆ ಅದರಿಂದ ಇನ್ನೂ ಸುಖವಾಗಿದೆ. ದೋಣಿ ಚೆನ್ನಾಗಿದೆ, ನಾನು ಅದನ್ನು ದಂಡೆಯಿಂದ ನೋಡುತ್ತೇನೆ. ಕೇಣಿಯಲ್ಲಿ ಮಾತ್ರ ಒಂದು ಹೊಸ ಪದ್ಧತಿ ಬಂದಿದೆ. ಸಭೆಯಲ್ಲಿ ಯಾರಾದರೂ ಭಾಷಣ ನಿಲ್ಲಿಸದಿದ್ದರೆ, ಹಿಂದೆ ಕೂತವರು ಸುಮ್ಮನೆ ಎರಡು ಬೆರಳು ಎತ್ತಿ ತೋರಿಸುತ್ತಾರೆ. ಹೊರಗಿನಿಂದ ಬಂದವರು ಅದನ್ನು ವಿಜಯದ ಗುರುತೆಂದು ತಿಳಿದು ಇನ್ನಷ್ಟು ಮಾತಾಡುತ್ತಾರೆ. ಊರವರು ತಟ್ಟನೆ ಮೂಗು ಮುಟ್ಟಿಕೊಂಡು ಕೂತುಬಿಡುತ್ತಾರೆ. ಹಳೆಯದಾಗಲಿ ಹೊಸದಾಗಲಿ, ಊದುವವನಿಗೆ ಎಲ್ಲಿ ನಿಲ್ಲಿಸಬೇಕೆಂಬುದು ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಹತ್ತಿರದಲ್ಲಿ ಒಬ್ಬ ಅಕ್ಕನಾದರೂ ಇರಬೇಕು ಎಂದು ನಾನು ಆವತ್ತಿನಿಂದ ನಂಬಿದ್ದೇನೆ.

ಇದನ್ನು ಇನ್ನೂ ವಿಸ್ತರಿಸಿ ಬರೆಯುವ ಆಸೆ ನನಗಿತ್ತು. ನುಣುಪಿನ ಬಗ್ಗೆ, ಮುಳ್ಳಿನ ಬಗ್ಗೆ, ಉಸಿರಿನ ಬಗ್ಗೆ ಹೇಳುವುದು ಬೇಕಾದಷ್ಟಿದೆ. ಆದರೆ ಅಕ್ಕ ಇವತ್ತು ಕಾರವಾರಕ್ಕೆ ಬಂದಿದ್ದಾಳೆ. ನಾನು ಓದಿ ಹೇಳಿದ್ದನ್ನು ಇಷ್ಟು ಹೊತ್ತು ಬಾಗಿಲ ಹತ್ತಿರ ಕೂತು ಕೇಳುತ್ತಿದ್ದವಳು, ಈಗ ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟು, ಎದ್ದು, ಎರಡು ಬೆರಳು ಮುಂದೆ ಮಾಡಿಕೊಂಡು ಇತ್ತಲೇ ಬರುತ್ತಿದ್ದಾಳೆ.